ಕ್ರೆಡಿಟ್ ಕೊಂಡ್ರೆ ಕಾರ್ಖಾನೆ ಇಂಗಾಲ ತಟಸ್ಥ ಆಗ್ಬಿಡುತ್ತಾ?

ಹೊಸಲೆಕ್ಕ (ಚರ್ಚೆ ಶುರು ಮಾಡಿದವರು)
ಮಧ್ಯಮ ಗಾತ್ರದ ಒಂದು ಕಾರ್ಖಾನೆ ಅಂದ್ಕೊಳ್ಳಿ. ಫರ್ನೇಸ್ ಆಯಿಲ್ ಉರಿಸೋ ಬಾಯ್ಲರ್ ಒಂದು, ಏರ್ ಕಂಪ್ರೆಸರ್ ಎರಡು, ಒಂದು ಕೋಲ್ಡ್ ರೂಮ್, ಕರೆಂಟ್ ಹೋದ್ರೆ ಡೀಸೆಲ್ ಜನರೇಟರ್. ಸರಕು ಸಾಗಣೆಯೆಲ್ಲ ಬಾಡಿಗೆ ಲಾರಿಯಲ್ಲಿ. ದೊಡ್ಡ ಗಿರಾಕಿಯಿಂದ ಪ್ರಶ್ನಾವಳಿ ಬಂದಿದೆ: ಎರಡು ವರ್ಷದಲ್ಲಿ ಇಂಗಾಲ ತಟಸ್ಥ (ಇಳಿಕೆ, ಕ್ರೆಡಿಟ್ ಎಲ್ಲ ಸೇರಿ ಹೊರಸೂಸುವಿಕೆಯ ಲೆಕ್ಕ ಸೊನ್ನೆ) ಆಗೋದು ಹೇಗೆ, ಯೋಜನೆ ಕೊಡಿ. ಸಲಹೆಗಾರರು ಹೇಳೋದು ಸುಲಭ ದಾರಿ: ಕರೆಂಟ್ ಬಿಲ್ಲು, ಡೀಸೆಲ್ ಬಿಲ್ಲು ಕೂಡಿಸಿ, ಅಷ್ಟು ಟನ್ ಕಾರ್ಬನ್ ಕ್ರೆಡಿಟ್ (ಬೇರೆ ಕಡೆ ಯಾರೋ ಇಳಿಸಿದ ಟನ್‌ಗೆ ಸಿಗೋ ಪತ್ರ) ಕೊಳ್ಳಿ, ವಾರದಲ್ಲಿ ಸರ್ಟಿಫಿಕೇಟ್. ಇದು ನಡೆಯುತ್ತಾ? ಇಲ್ಲಾಂದ್ರೆ ಎಲ್ಲಿಂದ ಶುರು ಮಾಡ್ಬೇಕು?

ಕೊಂಕುನುಡಿ
ವಾರದಲ್ಲಿ ಸರ್ಟಿಫಿಕೇಟ್ ಸಿಗುತ್ತೆ. ಮುಂದಿನ ವಾರ ಅದನ್ನ ಗಿರಾಕಿಯ ಆಡಿಟರ್ ಓದ್ತಾನೆ, ಅಲ್ಲಿಗೆ ಕಥೆ ಮುಗೀತು.

ಲೆಕ್ಕದಪುಸ್ತಕ
ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಕೆಲಸ ಇದು. ಎಷ್ಟು ಟನ್ ಅಂತಲೇ ಗೊತ್ತಿಲ್ಲದೆ ಎಷ್ಟು ಕ್ರೆಡಿಟ್ ಕೊಳ್ತೀರಿ? ಎರಡು ಬಿಲ್ಲು ಕೂಡಿಸಿದ್ರೆ ಲೆಕ್ಕ ಆಗಲ್ಲ.

ಎಲ್ಲಕ್ಕಿಂತ ಮೊದಲು ಗಡಿ ಹಾಕಿ. ಯಾವ ಘಟಕ, ಯಾವ ಕಚೇರಿ, ಯಾವ ಗೋಡೌನ್ ಲೆಕ್ಕದೊಳಗೆ? ನಡೆಸೋ ಅಧಿಕಾರ ನಿಮ್ಮ ಕೈಲಿರೋದೆಲ್ಲ ಪೂರ್ತಿ ಒಳಗೆ ಅನ್ನೋ ವಿಧಾನ ಒಂದು, ಬಂಡವಾಳದ ಪಾಲಿನಷ್ಟು ಅನ್ನೋದು ಇನ್ನೊಂದು. ಯಾವುದಾದ್ರೂ ಒಂದು ಆರಿಸಿ ಬರೆದಿಡಿ, ಮಧ್ಯದಲ್ಲಿ ಬದಲಾಯಿಸ್ಬೇಡಿ. ಆಮೇಲೆ ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲದ ಲೆಕ್ಕ ಇಡೋ ಅಂತರರಾಷ್ಟ್ರೀಯ ನಿಯಮಾವಳಿ) ಪ್ರಕಾರ ಮೂರು ಸ್ಕೋಪ್, ಅಂದ್ರೆ ಮೂರು ಗುಂಪು:

ಸ್ಕೋಪ್ 1: ನಿಮ್ಮದೇ, ಇಲ್ಲಾ ನೀವೇ ನಡೆಸೋ ಮೂಲಗಳಿಂದ ನೇರ ಹೊರಬೀಳೋದು. ಬಾಯ್ಲರ್, ಜನರೇಟರ್, ಸ್ವಂತ ವಾಹನ, ಕೋಲ್ಡ್ ರೂಮಿಂದ ಸೋರೋ ಗ್ಯಾಸ್.
ಸ್ಕೋಪ್ 2: ಕೊಂಡ ಕರೆಂಟು, ಕೊಂಡ ಉಗಿ.
ಸ್ಕೋಪ್ 3: ಮಿಕ್ಕಿದ್ದೆಲ್ಲ, 15 ವಿಭಾಗ. ಕಚ್ಚಾ ವಸ್ತು, ಬಾಡಿಗೆ ಲಾರಿ, ಕಸ, ಪ್ರಯಾಣ, ಮಾರಿದ ಸರಕು ಬಳಕೆಯಾಗುವಾಗ ಬರೋದು.

ಡೀಸೆಲ್ ಲೀಟರ್‌ಗೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್, ಪೆಟ್ರೋಲ್‌ಗೆ 2.31. ಎಲ್‌ಪಿಜಿ ಕೆಜಿಗೆ ಹತ್ತಿರಹತ್ತಿರ 3. ವರ್ಷಕ್ಕೆ 50,000 ಲೀಟರ್ ಡೀಸೆಲ್ ಸುಟ್ರೆ 134 ಟನ್. ಇಷ್ಟೇ ಗಣಿತ. ಕಷ್ಟ ಇರೋದು ಆ 50,000 ಸರಿಯಾದ ಸಂಖ್ಯೆಯಾ ಅನ್ನೋದ್ರಲ್ಲಿ.

ಮೀಟರ್‌ಬೋರ್ಡ್
ಮೇಲಿನದ್ದಕ್ಕೆ ಸೇರಿಸ್ತೀನಿ, ಲೆಕ್ಕ ಕೆಡೋದು ಇಂಥ ಕಡೆ.

ಬಿಲ್ಲಲ್ಲಿರೋದು ಕೊಂಡ ಇಂಧನ, ಸುಟ್ಟಿದ್ದಲ್ಲ. ವರ್ಷದ ಮೊದಲ ದಿನ ಟ್ಯಾಂಕಲ್ಲಿದ್ದದ್ದು, ಕೊಂಡಿದ್ದು, ಎರಡನ್ನೂ ಕೂಡಿಸಿ ಕೊನೇ ದಿನ ಉಳಿದದ್ದನ್ನ ಕಳೀಬೇಕು. ಟ್ಯಾಂಕ್ ದೊಡ್ಡದಿದ್ರೆ ಈ ವ್ಯತ್ಯಾಸ ಸಣ್ಣದಲ್ಲ.

ಫರ್ನೇಸ್ ಆಯಿಲ್‌ಗೆ ಕೆಜಿಗೆ ಸುಮಾರು 3.1 ಕೆಜಿ ಕಾರ್ಬನ್ ಡೈಆಕ್ಸೈಡ್ ಅನ್ನೋ ಗುಣಾಂಕ ಇದೆ. ಅದನ್ನ ಹಾಗೇ ಲೀಟರ್‌ಗೆ ಗುಣಿಸ್ತಾರೆ. ಲೀಟರ್ ಅಂದ್ರೆ ಕೆಜಿ ಅಲ್ಲ, ಸಾಂದ್ರತೆಯಿಂದ ಗುಣಿಸ್ಕೊಂಡು ಆಮೇಲೆ ಹಾಕಿ.

ಒಳಗಿನ ಸಬ್‌ಮೀಟರ್ ಓದೋರು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನ ಮೀಟರ್ ಅಳೆಯೋಷ್ಟಕ್ಕೆ ಇಳಿಸೋದು) ಅನುಪಾತ ಮರೀತಾರೆ. 200/5ರ ಸಿಟಿ ಇದ್ರೆ ಕೆಲವು ಮೀಟರ್ ಓದುವಿಕೆಯನ್ನ 40ರಿಂದ ಗುಣಿಸ್ಬೇಕು, ಕೆಲವು ತಾವೇ ಗುಣಿಸಿ ತೋರಿಸ್ತವೆ. ಯಾವ ಜಾತಿ ಮೀಟರ್ ಅಂತ ನೋಡದೆ ಎಕ್ಸೆಲ್ ಹಾಳೆ ಮಾಡಿದ್ರೆ ಒಂದು ವಿಭಾಗದ ಬಳಕೆ 40 ಪಟ್ಟು ತಪ್ಪು. ಎಲ್ಲಾ ಸಬ್‌ಮೀಟರ್ ಕೂಡಿಸಿದ್ದು ಮುಖ್ಯ ಮೀಟರ್‌ಗೆ ಹತ್ತಿರ ಬರುತ್ತಾ ಅಂತ ತಿಂಗಳಿಗೊಮ್ಮೆ ತಾಳೆ ನೋಡಿ.

ರಸಾಯನ_ಮೇಷ್ಟ್ರು
ಇನ್ನೊಂದು ಪುರಾತನ ತಪ್ಪು: ಇಂಗಾಲದ ಟನ್ ಬೇರೆ, ಕಾರ್ಬನ್ ಡೈಆಕ್ಸೈಡ್ ಟನ್ ಬೇರೆ. 12 ಗ್ರಾಂ ಇಂಗಾಲ ಸುಟ್ರೆ 44 ಗ್ರಾಂ ಅನಿಲ. ಅಂದ್ರೆ 3.67 ಪಟ್ಟು. ಹಳೇ ಕೋಷ್ಟಕಗಳಲ್ಲಿ ಬರೀ ಇಂಗಾಲದ ಲೆಕ್ಕ ಇರುತ್ತೆ, ಗಮನಿಸದೆ ಎತ್ಕೊಂಡ್ರೆ ನಿಮ್ಮ ಕಾರ್ಖಾನೆ ರಾತ್ರೋರಾತ್ರಿ ಮುಕ್ಕಾಲು ಪಾಲು ಶುದ್ಧ ಆಗುತ್ತೆ.

ಶೀತಕ
ಬಾಯ್ಲರ್, ಡೀಸೆಲ್ ಅಂತ ಎಲ್ಲರೂ ಮಾತಾಡ್ತಿದ್ದೀರಿ. ಕೋಲ್ಡ್ ರೂಮಿನ ಗ್ಯಾಸ್ ಸಿಲಿಂಡರ್ ಯಾರ ಕಣ್ಣಿಗೂ ಬಿದ್ದಿಲ್ಲ.

ಆರ್-404ಎ ಅನ್ನೋ ತಂಪುಗ್ಯಾಸ್ ಹಾಕಿರೋ ಕೋಲ್ಡ್ ರೂಮಿಗೆ ಮೆಕ್ಯಾನಿಕ್ ಬಂದು ವರ್ಷದಲ್ಲಿ 5 ಕೆಜಿ ಟಾಪ್‌ಅಪ್ ಮಾಡಿದ ಅಂದ್ಕೊಳ್ಳಿ. ಹಾಕಿದಷ್ಟೂ ಮುಂಚೆ ಸೋರಿ ಹೋಗಿತ್ತು ಅಂತಲೇ ಅರ್ಥ. ಅದರ ತಾಪನ ಸಾಮರ್ಥ್ಯ 3922, ಅಂದ್ರೆ ಒಂದು ಕೆಜಿ ಸೋರಿದ್ರೆ 3922 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಐದರಿಂದ ಗುಣಿಸಿ: 19.6 ಟನ್. ಇಷ್ಟು ಬರೋಕೆ 7,300 ಲೀಟರ್ ಡೀಸೆಲ್ ಸುಡ್ಬೇಕು! ಜನರೇಟರ್ ಲಾಗ್‌ಬುಕ್ ಅಂಕೆ ಅಂಕೆ ಬರೆದಿಡ್ತಾರೆ, ಈ 5 ಕೆಜಿ ಮಾತ್ರ "ಎಸಿ ರಿಪೇರಿ" ಅನ್ನೋ ಒಂದು ಸಾಲಿನ ಬಿಲ್ಲಲ್ಲಿ ಮುಚ್ಚಿಹೋಗುತ್ತೆ.

ಮಾಡ್ಬೇಕಾದ್ದು: ಪ್ರತಿ ಯಂತ್ರಕ್ಕೂ ಒಂದು ಕಾರ್ಡ್. ಗ್ಯಾಸ್ ಹೆಸರು, ಪೂರ್ತಿ ಚಾರ್ಜ್ ಎಷ್ಟು ಕೆಜಿ, ಯಾವತ್ತು ಎಷ್ಟು ಹಾಕಿದ್ರು. ಸಿಲಿಂಡರ್ ತೂಕ ಕೆಲಸಕ್ಕೆ ಮುಂಚೆ, ಕೆಲಸ ಆದ್ಮೇಲೆ, ಎರಡು ಸಲ ನೋಡ್ಬೇಕು. ಸೋರಿಕೆ ಹುಡುಕದೆ ಬರೀ ಟಾಪ್‌ಅಪ್ ಮಾಡೋದಕ್ಕೆ ಒಪ್ಬೇಡಿ. ಸಾಮಾನ್ಯವಾಗಿ ಸೋರೋದು ಫ್ಲೇರ್ ಕೀಲುಗಳಲ್ಲಿ, ಸರ್ವಿಸ್ ವಾಲ್ವ್‌ನ ಕ್ಯಾಪಿನಲ್ಲಿ, ಅದುರಾಟಕ್ಕೆ ಒಂದಕ್ಕೊಂದು ಉಜ್ಜೋ ತಾಮ್ರದ ಪೈಪಲ್ಲಿ. ಎಣ್ಣೆ ಕಲೆ ಕಂಡ ಜಾಗದಲ್ಲಿ ಮೊದಲು ಸೋಪಿನ ನೀರು ಹಾಕಿ ನೋಡಿ.

ಕೊಂಕುನುಡಿ
7,300 ಲೀಟರ್ ಡೀಸೆಲ್ ಒಂದು ಸಣ್ಣ ನಟ್ಟಿನ ಸಂದೀಲಿ ಹೋಯ್ತು ಅಂದ್ರೆ ಯಜಮಾನರು ನಂಬಲ್ಲ ಬಿಡಿ.

ಆಡಿಟ್‌ಕಣ್ಣು
@ಶೀತಕ, ಪೂರ್ತಿ ಸರಿ. ಎರಡು ತಿದ್ದುಪಡಿ. 3922 ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ) ನಾಲ್ಕನೇ ವರದಿಯ ಅಂಕಿ. ಐದು, ಆರನೇ ವರದಿಗಳಲ್ಲಿ ಅಂಕಿಗಳು ಬದಲಾಗಿವೆ. ಯಾವ ವರದಿಯದ್ದು ಅಂತ ಹೇಳಿ, ಎಲ್ಲಾ ಅನಿಲಕ್ಕೂ ಅದನ್ನೇ ಬಳಸಿ. ಒಂದಕ್ಕೆ ನಾಲ್ಕನೇದು, ಇನ್ನೊಂದಕ್ಕೆ ಆರನೇದು ಮಾಡ್ಬೇಡಿ.

ಎರಡನೇದು, ಹಳೇ ಯಂತ್ರದಲ್ಲಿ ಆರ್-22 ಗ್ಯಾಸ್ ಇದ್ರೆ ಅದು ಸ್ಕೋಪ್ 1ರ ಮೊತ್ತದೊಳಗೆ ಬರಲ್ಲ. ಅದು ಓಜೋನ್ ಪದರ ಉಳಿಸೋ ಮಾಂಟ್ರಿಯಲ್ ಒಪ್ಪಂದದ ಕೆಳಗಿನ ಅನಿಲ, ಹವಾಮಾನದ ಕ್ಯೋಟೋ ಒಪ್ಪಂದದ ಏಳು ಅನಿಲಗಳ ಪಟ್ಟಿಯಲ್ಲಿ ಇಲ್ಲ. ಪ್ರತ್ಯೇಕ ಸಾಲಲ್ಲಿ ತೋರಿಸ್ಬೇಕು.

ಶೀತಕ
ಹೌದು, ಒಪ್ಪಿದೆ. ಆದ್ರೆ "ಮೊತ್ತದೊಳಗೆ ಬರಲ್ಲ" ಅಂತ ಆರ್-22 ಸೋರೋದಕ್ಕೆ ಬಿಡೋರೂ ಇದ್ದಾರೆ. ಬಿಸಿಯಾಗೋ ಭೂಮಿಗೆ ಪಟ್ಟಿ ಗೊತ್ತಾಗಲ್ಲ.

ಸೂರ್ಯಪಾನ
ಇಷ್ಟೆಲ್ಲ ಯಾಕೆ? ಛಾವಣಿ ತುಂಬ ಸೋಲಾರ್ ಹಾಕಿ, ಸ್ಕೋಪ್ 2 ಸೊನ್ನೆ. ಅರ್ಧ ಕೆಲಸ ಮುಗೀತು.

ಮೀಟರ್‌ಬೋರ್ಡ್
ರಾತ್ರಿ ಪಾಳಿ ಯಾರ ಸೂರ್ಯನಲ್ಲಿ ನಡೆಯುತ್ತೆ?

ಆಡಿಟ್‌ಕಣ್ಣು
ಸೋಲಾರ್ ಒಳ್ಳೇದೇ, "ಸೊನ್ನೆ" ಅನ್ನೋದು ತಪ್ಪು. ಸ್ಕೋಪ್ 2ನ್ನ ಎರಡು ರೀತಿ ತೋರಿಸ್ಬೇಕು. ಒಂದು ಗ್ರಿಡ್‌ನ ಸರಾಸರಿ ಗುಣಾಂಕದಿಂದ (ಯೂನಿಟ್‌ಗೆ ಇಷ್ಟು ಕೆಜಿ ಅನ್ನೋದು), ಇನ್ನೊಂದು ನಿಮ್ಮ ಖರೀದಿ ಒಪ್ಪಂದ, ಪ್ರಮಾಣಪತ್ರಗಳ ಆಧಾರದಿಂದ. ಎರಡೂ ವರದಿಯಲ್ಲಿ ಇರ್ಲೇಬೇಕು, ಚೆಂದ ಕಾಣೋದೊಂದನ್ನೇ ಹಾಕೋ ಹಾಗಿಲ್ಲ.

ಛಾವಣಿಯಲ್ಲಿ ತಯಾರಾಗಿ ನೀವೇ ಬಳಸಿದ ಯೂನಿಟ್‌ಗೆ ಸ್ಕೋಪ್ 2 ಇಲ್ಲ, ನಿಜ. ಗ್ರಿಡ್‌ಗೆ ಬಿಟ್ಟ ಯೂನಿಟ್ಟನ್ನ ನಿಮ್ಮ ಮೊತ್ತದಿಂದ ಕಳೆಯೋ ಹಾಗಿಲ್ಲ. ಆ ಕರೆಂಟಿನ ಹಸಿರು ಪ್ರಮಾಣಪತ್ರ ಬೇರೆಯವರಿಗೆ ಮಾರಿದ್ರೆ, ನೀವೇ ಬಳಸಿದ್ರೂ ಅದು ನಿಮ್ಮ ಹಸಿರು ಕರೆಂಟಲ್ಲ. ಒಂದು ಪ್ರಮಾಣಪತ್ರ ಅಂದ್ರೆ ಒಂದು ಮೆಗಾವ್ಯಾಟ್ ಅವರ್, ಅಂದ್ರೆ 1,000 ಯೂನಿಟ್, ಒಬ್ಬರಿಗೇ ಒಮ್ಮೆ. ಛಾವಣಿಯನ್ನ ಬೇರೆ ಕಂಪನಿಗೆ ಕೊಟ್ಟು ಯೂನಿಟ್ ಲೆಕ್ಕದಲ್ಲಿ ಕೊಳ್ತಿದ್ರೆ ಒಪ್ಪಂದದಲ್ಲಿ "ಪ್ರಮಾಣಪತ್ರದ ಹಕ್ಕು ಯಾರದು" ಅನ್ನೋ ಷರತ್ತು ಓದಿ. ಇದನ್ನ ಓದದೆ ಸಹಿ ಹಾಕೋದು ತುಂಬಾ ಸಾಮಾನ್ಯ.

ಸೋರುಗಾಳಿ
@ಸೂರ್ಯಪಾನ, ತೂತು ಕೊಡಕ್ಕೆ ದೊಡ್ಡ ನಲ್ಲಿ ಹಾಕ್ಸಿದ ಹಾಗಾಗುತ್ತೆ. ಪ್ಯಾನೆಲ್ ಎಷ್ಟು ಬೇಕು ಅಂತ ನಿರ್ಧರಿಸೋ ಮುಂಚೆ ಬಳಕೆ ಇಳಿಸಿ. ಹಳೇ ಬಳಕೆಗೆ ಅಳತೆ ಮಾಡಿದ ಸೋಲಾರ್ ಅಂದ್ರೆ ಸೋರಿಕೆಗೂ ಪ್ಯಾನೆಲ್ ಹಾಕಿದ ಹಾಗೆ.

ಕಂಪ್ರೆಸರ್ ಸೋರಿಕೆ ಪರೀಕ್ಷೆಗೆ ಒಂದು ರಜಾ ದಿನ, ಒಂದು ಸ್ಟಾಪ್‌ವಾಚ್ ಸಾಕು:

ಗಾಳಿ ಬಳಸೋ ಯಂತ್ರಗಳನ್ನೆಲ್ಲ ನಿಲ್ಲಿಸಿ, ಆದ್ರೆ ಯಂತ್ರದ ಹತ್ತಿರದ ಗಾಳಿ ವಾಲ್ವ್ ತೆರೆದೇ ಇಡಿ. ಮುಚ್ಚಿಬಿಟ್ರೆ ಯಂತ್ರದೊಳಗಿನ ಸೋರಿಕೆ ಕಾಣಲ್ಲ, ಅಲ್ಲೇ ಜಾಸ್ತಿ ಇರೋದು. ಒಂದೇ ಕಂಪ್ರೆಸರ್ ಓಡಿಸಿ. ಒತ್ತಡ ತುಂಬಿ ಅನ್‌ಲೋಡ್ ಆಗುತ್ತೆ (ಗಾಳಿ ತುಂಬೋದು ನಿಲ್ಲುತ್ತೆ), ಸೋರಿ ಇಳಿದು ಮತ್ತೆ ಲೋಡ್ ಆಗುತ್ತೆ. ಲೋಡ್ ಆಗಿರೋ ಸಮಯ, ಅನ್‌ಲೋಡ್ ಸಮಯ, ಎರಡನ್ನೂ ಎಂಟು-ಹತ್ತು ಸುತ್ತು ಬರೆದು ಸರಾಸರಿ ತೆಗೀರಿ. ಲೋಡ್ ಸಮಯವನ್ನ ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಸೋರಿಕೆಯ ಶೇಕಡಾ.

ಉದಾಹರಣೆ: ಲೋಡ್ ಒಂದೂವರೆ ನಿಮಿಷ, ಅನ್‌ಲೋಡ್ ಹತ್ತೂವರೆ ನಿಮಿಷ. 1.5 ಭಾಗಿಸು 12, ಅಂದ್ರೆ ಶೇ. 12.5. ಕಂಪ್ರೆಸರ್ ನಿಮಿಷಕ್ಕೆ 20 ಘನ ಮೀಟರ್‌ದಾದ್ರೆ ಎರಡೂವರೆ ಘನ ಮೀಟರ್ ಸುಮ್ಮನೆ ಹೋಗ್ತಿದೆ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿಗೆ 6 ಕಿಲೋವ್ಯಾಟ್ ಅಂತ ಹಿಡಿದ್ರೂ 15 ಕಿಲೋವ್ಯಾಟ್. ವರ್ಷಕ್ಕೆ 8,000 ಗಂಟೆ ಓಡಿದ್ರೆ 1,20,000 ಯೂನಿಟ್. ಸರಿಯಾಗಿ ನೋಡ್ಕೊಳ್ಳದ ಕಾರ್ಖಾನೆಗಳಲ್ಲಿ ಶೇ. 20ರಿಂದ 30 ಬರೋದು ವಿಶೇಷವೇನಲ್ಲ.

ಜೊತೆಗೆ ಒತ್ತಡ. 7 ಬಾರ್ ಸುತ್ತಮುತ್ತ ಒಂದು ಬಾರ್ ಇಳಿಸಿದ್ರೆ ಕಂಪ್ರೆಸರ್ ವಿದ್ಯುತ್ ಶೇ. 6-7 ಇಳಿಯುತ್ತೆ. ಒಂದು ಯಂತ್ರಕ್ಕೆ ಜಾಸ್ತಿ ಒತ್ತಡ ಬೇಕು ಅಂತ ಇಡೀ ಲೈನ್ ಏರಿಸಿರ್ತಾರೆ. ಆ ಒಂದಕ್ಕೆ ಸಣ್ಣ ಬೂಸ್ಟರ್ ಕೊಡಿ.

ಸೂರ್ಯಪಾನ
ಸರಿ, ಆ ಕ್ರಮ ಒಪ್ತೀನಿ. ಆದ್ರೆ "ಮೊದಲು ಉಳಿತಾಯ, ಆಮೇಲೆ ಸೋಲಾರ್" ಅಂತ ಮೂರು ವರ್ಷ ಮೀಟಿಂಗ್ ಮಾಡೋದಕ್ಕಿಂತ ಒಂದು ಭಾಗ ಈಗಲೇ ಹಾಕೋದು ವಾಸಿ. ಹಗಲಿನ ಕನಿಷ್ಠ ಲೋಡ್ ಎಷ್ಟು ಅಂತ ನೋಡಿ ಅಷ್ಟಕ್ಕೆ ಹಾಕಿದ್ರೆ ಬಳಕೆ ಎಷ್ಟೇ ಇಳಿದ್ರೂ ವ್ಯರ್ಥ ಆಗಲ್ಲ.

ಸೋರುಗಾಳಿ
ಇದಕ್ಕೆ ತಕರಾರಿಲ್ಲ. ಆ ಕನಿಷ್ಠದಲ್ಲೂ ಸೋರಿಕೆ ಕೂತಿರುತ್ತೆ ಅನ್ನೋದು ಮಾತ್ರ ನೆನಪಿರ್ಲಿ.

ಉಗಿಮನೆ
ಬಾಯ್ಲರ್ ಕಡೆ ಬರೋಣ. ಪ್ರಶ್ನೆ ಕೇಳಿದವರಿಗೆ ಸ್ಕೋಪ್ 1ರ ಬಹುಪಾಲು ಇಲ್ಲೇ ಇರುತ್ತೆ.

ಬಾಯ್ಲರ್ ಬದಲಾಯಿಸೋ ಮಾತು ಆಮೇಲೆ. ಮೊದಲು ಹೊಗೆ ನೋಡಿ: ಚಿಮಣಿ ತಾಪ, ಆಮ್ಲಜನಕದ ಶೇಕಡಾ. ಹೊಗೆಯ ತಾಪ 20-22 ಡಿಗ್ರಿ ಇಳಿದ್ರೆ ದಕ್ಷತೆ ಸುಮಾರು ಶೇ. 1 ಏರುತ್ತೆ. ತಾಪ ದಿನೇ ದಿನೇ ಏರ್ತಾ ಇದ್ರೆ ಟ್ಯೂಬಿನ ಒಂದು ಕಡೆ ಮಸಿ, ಇಲ್ಲಾ ಇನ್ನೊಂದು ಕಡೆ ಸುಣ್ಣದ ಪದರ. ಆಮ್ಲಜನಕ ಜಾಸ್ತಿ ಅಂದ್ರೆ ಬೇಡದ ಗಾಳಿಯನ್ನ ಬಿಸಿ ಮಾಡಿ ಆಕಾಶಕ್ಕೆ ಕಳಿಸ್ತಿದ್ದೀರಿ. ಗಾಳಿ ಬಿಡೋ ಡ್ಯಾಂಪರ್ ಒಂದೇ ಸಲ ತುಂಬಾ ಮುಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ಏರುತ್ತೆ, ಕಪ್ಪು ಹೊಗೆ ಬರುತ್ತೆ. ಸ್ವಲ್ಪ ಸ್ವಲ್ಪವಾಗಿ ಮುಚ್ಚಿ, ಪ್ರತಿ ಸಲ ಅಳೀರಿ.

ಆಮೇಲೆ ಕಂಡೆನ್ಸೇಟ್, ಅಂದ್ರೆ ಶಾಖ ಕೊಟ್ಟ ಉಗಿ ನೀರಾಗಿದ್ದು. ಬಿಸಿ ನೀರು ಚರಂಡಿಗೆ ಹೋಗ್ತಿದ್ರೆ ಅದು ಡೀಸೆಲ್ ಚೆಲ್ಲಿದಷ್ಟೇ ತಪ್ಪು. ಬಾಯ್ಲರ್‌ಗೆ ಹೋಗೋ ನೀರಿನ ತಾಪ 6 ಡಿಗ್ರಿ ಏರಿದ್ರೆ ಇಂಧನ ಶೇ. 1 ಉಳಿಯುತ್ತೆ. 30 ಡಿಗ್ರಿಯಿಂದ 80ಕ್ಕೆ ತಂದ್ರೆ ಶೇ. 8ರ ಹತ್ತಿರ! ಸ್ಟೀಮ್ ಟ್ರ್ಯಾಪ್ (ಉಗಿ ತಡೆದು ನೀರು ಮಾತ್ರ ಬಿಡೋ ವಾಲ್ವ್) ತೆರೆದೇ ಕೆಟ್ಟಿದ್ರೆ ಉಗಿ ನೇರ ರಿಟರ್ನ್ ಲೈನ್‌ಗೆ ನುಗ್ಗುತ್ತೆ. ಕಂಡೆನ್ಸೇಟ್ ಟ್ಯಾಂಕಿನ ವೆಂಟ್‌ನಿಂದ ಉಗಿ ಭರ್ರಂತ ಬರ್ತಿದ್ರೆ ಎಲ್ಲೋ ಟ್ರ್ಯಾಪ್ ಹೋಗಿದೆ ಅಂತ. ಮುಚ್ಚಿ ಕೆಟ್ಟಿದ್ದು ಬೇಗ ಗೊತ್ತಾಗುತ್ತೆ, ಯಂತ್ರ ಬಿಸಿ ಆಗಲ್ಲ, ಆಪರೇಟರ್ ಕೂಗ್ತಾನೆ. ತೆರೆದು ಕೆಟ್ಟಿದ್ದಕ್ಕೆ ಯಾರೂ ಕೂಗಲ್ಲ.

ಆಮೇಲೆ ಒಂದು ಪ್ರಶ್ನೆ: ನಿಜವಾಗಿ ಉಗಿ ಬೇಕಾ? 60-70 ಡಿಗ್ರಿ ಬಿಸಿ ನೀರಿಗೋಸ್ಕರ 170 ಡಿಗ್ರಿ ಉಗಿ ಮಾಡೋ ಕಡೆ ಹೀಟ್ ಪಂಪ್ (ಒಂದು ಕಡೆಯ ಶಾಖ ಎತ್ತಿ ಇನ್ನೊಂದು ಕಡೆ ಕೊಡೋ ಯಂತ್ರ) ಹಾಕ್ಬಹುದು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ. ಕೋಲ್ಡ್ ರೂಮ್ ಹೊರಗೆ ಬಿಸಾಕ್ತಿರೋ ಶಾಖವನ್ನೇ ಅದಕ್ಕೆ ಕೊಟ್ರೆ ಇನ್ನೂ ಚೆನ್ನಾಗಿ ಓಡುತ್ತೆ.

ಹಸಿರೆಲೆ
ಬಾಯ್ಲರ್‌ಗೆ ಬ್ರಿಕೆಟ್ (ಬೆಳೆ ಕಸ, ಮರದ ಪುಡಿ ಒತ್ತಿ ಮಾಡಿದ ಉರುವಲು) ಹಾಕಿದ್ರೆ ಸಾಕಲ್ವಾ? ಗಿಡದಿಂದ ಬಂದಿದ್ದು, ಲೆಕ್ಕದಲ್ಲಿ ಸೊನ್ನೆ.

ಉಗಿಮನೆ
ಪೂರ್ತಿ ಸೊನ್ನೆ ಅಲ್ಲ. ಅದರ ಕಾರ್ಬನ್ ಡೈಆಕ್ಸೈಡನ್ನ ಸ್ಕೋಪ್‌ಗಳ ಹೊರಗೆ ಬೇರೆ ಸಾಲಲ್ಲಿ ತೋರಿಸ್ಬೇಕು. ಉರಿಯುವಾಗ ಬರೋ ಮೀಥೇನ್, ನೈಟ್ರಸ್ ಆಕ್ಸೈಡ್ ಸ್ಕೋಪ್ 1ರಲ್ಲೇ ಇರುತ್ತೆ. ಒದ್ದೆ ಬ್ರಿಕೆಟ್ ತಂದ್ರೆ ಒಂದಷ್ಟು ಶಾಖ ತೇವ ಒಣಗಿಸೋಕೇ ಖರ್ಚು. ಕಾಡು ಕಡಿದು ತಂದ ಸೌದೆಯೋ, ಬೆಳೆಯ ಉಳಿಕೆಯೋ ಅಂತ ಮೂಲದ ಕಾಗದ ಕೇಳ್ತಾರೆ, ಅದೂ ಇಟ್ಕೊಳ್ಳಿ.

ಗೋಡೌನ್
ಎಲ್ಲರೂ ಸ್ಕೋಪ್ 1, 2 ಸುತ್ತಲೇ ಗಿರಕಿ ಹೊಡೀತಿದ್ದೀರಿ. ತುಂಬಾ ಕಾರ್ಖಾನೆಗಳಲ್ಲಿ ದೊಡ್ಡ ಗುಡ್ಡ ಇರೋದು ಸ್ಕೋಪ್ 3ರಲ್ಲಿ, ಅದರಲ್ಲೂ ವಿಭಾಗ 1: ಕೊಂಡ ವಸ್ತು.

ಶುರುವಿಗೆ ಖರ್ಚಿನ ಆಧಾರದ ಲೆಕ್ಕ ಮಾಡ್ತಾರೆ. ಇಷ್ಟು ಹಣದ ವಸ್ತು ಕೊಂಡ್ರೆ ಇಷ್ಟು ಕೆಜಿ ಅಂತ. ಗುಡ್ಡ ಎಲ್ಲಿದೆ ಅಂತ ಹುಡುಕೋಕೆ ಅದು ಸಾಕು, ಇಳಿಕೆ ತೋರಿಸೋಕೆ ಬೇಡ. ಯಾಕಂದ್ರೆ ಚೌಕಾಸಿ ಮಾಡಿ ಬೆಲೆ ಶೇ. 10 ಇಳಿಸಿದ್ರೆ ಕಾಗದದ ಮೇಲೆ ಹೊರಸೂಸುವಿಕೆಯೂ ಶೇ. 10 ಇಳಿಯುತ್ತೆ. ಬಂದ ಸರಕು ಅಷ್ಟೇ, ಹೋದ ಹೊಗೆ ಅಷ್ಟೇ. ಲೆಕ್ಕದಲ್ಲಿ ಅತಿ ದೊಡ್ಡ ಹತ್ತು ವಸ್ತುಗಳಿಗೆ ತೂಕದ ಲೆಕ್ಕಕ್ಕೆ ಬನ್ನಿ, ಅವುಗಳಲ್ಲಿ ದೊಡ್ಡ ನಾಲ್ಕೈದಕ್ಕೆ ಪೂರೈಕೆದಾರರ ಸ್ವಂತ ಅಂಕಿ ಕೇಳಿ. ಅವರಿಗೆ 60 ಪ್ರಶ್ನೆಯ ಫಾರ್ಮ್ ಕಳಿಸ್ಬೇಡಿ. ವರ್ಷಕ್ಕೆ ಎಷ್ಟು ಇಂಧನ, ಎಷ್ಟು ಯೂನಿಟ್, ಒಟ್ಟು ಎಷ್ಟು ಟನ್ ಉತ್ಪಾದನೆ, ಅದರಲ್ಲಿ ನಮ್ಮ ಪಾಲೆಷ್ಟು, ಇಷ್ಟು ಕೇಳಿ.

ಲಾರಿಗೆ ಟನ್-ಕಿಲೋಮೀಟರ್, ಅಂದ್ರೆ ಸರಕಿನ ಟನ್ ಗುಣಿಸು ಹೋದ ದೂರ. ತಪ್ಪೋದು ಎಲ್ಲಿ ಅಂದ್ರೆ ಖಾಲಿ ವಾಪಸ್ ಬರೋದು. ಲಾರಿಯವರ ಡೀಸೆಲ್ ಲೆಕ್ಕ ಸಿಕ್ಕಿದ್ರೆ ಅದೇ ಉತ್ತಮ.

ಆಡಿಟ್‌ಕಣ್ಣು
ವಿಭಾಗ 3 ಮರೀಬೇಡಿ: ನಿಮ್ಮ ಡೀಸೆಲ್ ಭೂಮಿಯಿಂದ ತೆಗೆದು ಶುದ್ಧೀಕರಿಸಿ ತರೋವಾಗ ಆಗಿದ್ದು, ಕರೆಂಟಿನ ಸಾಗಣೆ ನಷ್ಟ, ಇವೆಲ್ಲ ಅಲ್ಲಿ. ಇಂಧನ, ಯೂನಿಟ್ ಅಂಕಿ ಕೈಲಿದ್ರೆ ಅರ್ಧ ಗಂಟೆ ಕೆಲಸ.

ಹಸಿರೆಲೆ
ಆವರಣದಲ್ಲಿ ಸಾವಿರ ಗಿಡ ನೆಟ್ರೆ ಇದರಲ್ಲಿ ಎಷ್ಟು ವಜಾ ಮಾಡ್ಬಹುದು?

ಕೊಂಕುನುಡಿ
ಫೋಟೋದಲ್ಲಿ ಪೂರ್ತಿ, ಲೆಕ್ಕದಲ್ಲಿ ಏನೂ ಇಲ್ಲ.

ಲೆಕ್ಕದಪುಸ್ತಕ
ನೆರಳಿಗೆ, ಧೂಳಿಗೆ ನೆಡಿ, ಒಳ್ಳೇದು. ನೆಟ್ಟ ದಿನದ ಗಿಡ ಏನನ್ನೂ ಹೀರಿರಲ್ಲ. ಎಷ್ಟು ಬದುಕ್ತು, ಕಾಂಡ ಎಷ್ಟು ದಪ್ಪ ಆಯ್ತು ಅಂತ ವರ್ಷಗಟ್ಟಲೆ ಅಳೆದು, ಮುಂದೆ ಕಡಿಯಲ್ಲ ಅಂತ ಖಾತ್ರಿ ಕೊಡೋಕೆ ಆಗುತ್ತಾ? ಅದಿಲ್ಲದೆ ಟನ್ ಕಳೆಯೋಕಾಗಲ್ಲ.

ತಪ್ಪುಹುಡುಕ
ಕ್ರೆಡಿಟ್ ವಿಷಯಕ್ಕೂ ಇದೇ ಪ್ರಶ್ನೆಗಳು. ಒಂದು ಕ್ರೆಡಿಟ್ ಅಂದ್ರೆ ಒಂದು ಟನ್. ಕೊಳ್ಳೋ ಮುಂಚೆ ಇಷ್ಟು ಕೇಳಿ. ಈ ಹಣ ಬರದಿದ್ರೂ ಆ ಯೋಜನೆ ನಡೀತಿತ್ತಾ? ನಡೀತಿದ್ರೆ ನೀವು ಕೊಂಡಿದ್ದು ಗಾಳಿ. ಇಲ್ಲಿ ಕಾಡು ಉಳಿಸಿ ಪಕ್ಕದ ಗುಡ್ಡ ಬೋಳಿಸಿದ್ರಾ? ಬೆಂಕಿ ಬಿದ್ರೆ ಭರ್ತಿ ಮಾಡೋಕೆ ಮೀಸಲು ಕ್ರೆಡಿಟ್ ಇದೆಯಾ? ಆ ಟನ್ನನ್ನೇ ಇನ್ನೊಂದು ದೇಶ ತನ್ನ ಲೆಕ್ಕದಲ್ಲೂ ತೋರಿಸುತ್ತಾ?

ಕೊಂಡು ಬೀರುವಲ್ಲಿ ಇಟ್ರೆ ಆಗಲ್ಲ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಥರದ ನೋಂದಣಿಯಲ್ಲಿ ನಿಮ್ಮ ಸಂಸ್ಥೆಯ ಹೆಸರಲ್ಲಿ, ಯಾವ ವರ್ಷದ ಹೊರಸೂಸುವಿಕೆಗೆ ಅಂತ ಬರೆಸಿ ರಿಟೈರ್ (ಮತ್ತೆ ಮಾರೋಕೆ, ಬಳಸೋಕೆ ಆಗದ ಹಾಗೆ ರದ್ದು) ಮಾಡಿಸ್ಬೇಕು. ಸೀರಿಯಲ್ ನಂಬರ್ ಸಾರ್ವಜನಿಕವಾಗಿ ಹುಡುಕೋಕೆ ಸಿಗುತ್ತೆ, ನೀವೇ ನೋಡಿ. ಸಲಹೆಗಾರರು ಬರೀ ಬಣ್ಣದ ಪಿಡಿಎಫ್ ಕೊಟ್ಟು ನಂಬರ್ ಕೊಡದಿದ್ರೆ ಹಣ ಕೊಡ್ಬೇಡಿ.

ಹೊಸಲೆಕ್ಕ
ತುಂಬಾ ಉಪಯೋಗ ಆಯ್ತು, ಎಲ್ಲರಿಗೂ ಧನ್ಯವಾದ. ಸಲಹೆಗಾರರು ಪಿಎಎಸ್ 2060 ಅನ್ನೋ ಇಂಗಾಲ ತಟಸ್ಥತೆಯ ಮಾನದಂಡದ ಪ್ರಕಾರ ಅಂದಿದ್ರು. ಅದಕ್ಕೆ ಬೆಲೆ ಇದೆಯಾ? ಗಿರಾಕಿಯ ಫಾರ್ಮಲ್ಲಿ ಒಂದು ಕಡೆ ತಟಸ್ಥ, ಇನ್ನೊಂದು ಕಡೆ ನೆಟ್ ಜೀರೋ ಅಂತ ಇದೆ. ಎರಡೂ ಒಂದೇನಾ?

ಆಡಿಟ್‌ಕಣ್ಣು
ಪಿಎಎಸ್ 2060 ಬ್ರಿಟನ್‌ನ ಬಿಎಸ್‌ಐ (ಅಲ್ಲಿನ ಮಾನಕ ಸಂಸ್ಥೆ) 2010ರಲ್ಲಿ ತಂದಿದ್ದು. 2023ರ ನವೆಂಬರ್‌ನಲ್ಲಿ ಐಎಸ್‌ಒ 14068-1 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂತು, ಹಳೇದನ್ನ ಹಿಂತೆಗೆದುಕೊಂಡಾಯ್ತು. ಹೊಸದರ ಕ್ರಮ ಸ್ಪಷ್ಟ: ಅಳತೆ, ಇಳಿಕೆಯ ಯೋಜನೆ, ಇಳಿಕೆ, ಉಳಿದದ್ದಕ್ಕೆ ಮಾತ್ರ ಕ್ರೆಡಿಟ್.

ನೆಟ್ ಜೀರೋ ಬೇರೆ, ಇನ್ನೂ ಬಿಗಿ. ಎಸ್‌ಬಿಟಿಐ (ಕಂಪನಿಗಳ ಇಳಿಕೆಯ ಗುರಿ ಪರಿಶೀಲಿಸೋ ಸಂಸ್ಥೆ) ಮಾನದಂಡದಲ್ಲಿ ಹೆಚ್ಚಿನ ಉದ್ಯಮಗಳು 2050ರೊಳಗೆ ಕನಿಷ್ಠ ಶೇ. 90 ನಿಜವಾಗಿ ಇಳಿಸಿ, ಮಿಕ್ಕಿದ್ದಕ್ಕೆ ವಾತಾವರಣದಿಂದ ಹೀರಿ ತೆಗೆಯೋ ದಾರಿ ಮಾಡ್ಬೇಕು. ಹತ್ತಿರದ ಗುರಿಗೆ, ಸ್ಕೋಪ್ 1 ಮತ್ತು 2ರಲ್ಲಿ, 2020ರ ಮಟ್ಟದಿಂದ 2030ಕ್ಕೆ ಶೇ. 42 ಇಳಿಕೆ ಅನ್ನೋದು ಸಾಮಾನ್ಯ ದಾರಿ. ಆ ಗುರಿ ಮುಟ್ಟೋಕೆ ಕ್ರೆಡಿಟ್ ಲೆಕ್ಕಕ್ಕಿಲ್ಲ.

ತಪ್ಪುಹುಡುಕ
ಯುರೋಪಿಗೆ ಸರಕು ಹೋಗೋದಾದ್ರೆ ಇನ್ನೊಂದು: ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನದ ಪ್ರಕಾರ 2026ರ ಸೆಪ್ಟೆಂಬರ್ 27ರಿಂದ ಕ್ರೆಡಿಟ್ ಆಧಾರದ ಮೇಲೆ ಇಂಗಾಲ ತಟಸ್ಥ ಅಂತ ಹೇಳೋ ಹಾಗಿಲ್ಲ.

ಆಡಿಟ್‌ಕಣ್ಣು
ಅರ್ಧ ಸರಿ. ನಿಷೇಧ ಇರೋದು ಗ್ರಾಹಕರಿಗೆ *ಉತ್ಪನ್ನದ* ಬಗ್ಗೆ ಹಾಗೆ ಹೇಳೋದಕ್ಕೆ. ಸಂಸ್ಥೆ ಯಾವುದಾದ್ರೂ ಯೋಜನೆಗೆ ಹಣ ಕೊಟ್ಟಿದೆ ಅಂತ ಹೇಳ್ಕೊಳ್ಳೋದಕ್ಕೆ ಅಡ್ಡಿಯಿಲ್ಲ, ಉತ್ಪನ್ನಕ್ಕೆ ಅಂಟಿಸ್ಬಾರದು.

@ಹೊಸಲೆಕ್ಕ, ಗಿರಾಕಿಗೆ ಬರೆಯೋವಾಗ "ನಾವು ತಟಸ್ಥ" ಅನ್ನೋ ಎರಡು ಪದ ಬೇಡ. ಯಾವ ವರ್ಷ, ಯಾವ ಗಡಿ, ಯಾವ ಸ್ಕೋಪ್, ಎಷ್ಟು ಟನ್ ಇತ್ತು, ಎಷ್ಟು ಇಳಿಯಿತು, ಎಷ್ಟು ಕ್ರೆಡಿಟ್ ರಿಟೈರ್ ಆಯ್ತು ಅಂತ ಬರೀರಿ. ಎರಡು ವರ್ಷದಲ್ಲಿ ಸ್ಕೋಪ್ 3 ಪೂರ್ತಿ ಆಗಲ್ಲ ಅಂತಲೂ ಅದರಲ್ಲೇ ಹೇಳ್ಬಿಡಿ.

ಹೊಸಲೆಕ್ಕ
ಸರಿ, ಕ್ರೆಡಿಟ್ ಮಾತು ಪಕ್ಕಕ್ಕೆ. ಮೊದಲು ಗ್ಯಾಸ್ ಕಾರ್ಡ್, ಸಬ್‌ಮೀಟರ್, ಸೋರಿಕೆ ಪರೀಕ್ಷೆ. @ಸೋರುಗಾಳಿ, ಒಂದು ಕಂಪ್ರೆಸರ್‌ಗೆ ವೇರಿಯಬಲ್ ಸ್ಪೀಡ್ ಡ್ರೈವ್ (ಬೇಕಾದಷ್ಟಕ್ಕೆ ಮೋಟಾರ್ ವೇಗ ಬದಲಿಸೋದು) ಇದ್ರೆ? ಅದು ಲೋಡ್-ಅನ್‌ಲೋಡ್ ಮಾಡೋದೇ ಇಲ್ವಲ್ಲ.

ಸೋರುಗಾಳಿ
ಒಳ್ಳೇ ಪ್ರಶ್ನೆ. ಆ ಸ್ಟಾಪ್‌ವಾಚ್ ವಿಧಾನ ಅದಕ್ಕೆ ನಡೆಯಲ್ಲ, ಬೇರೆ ಕಂಪ್ರೆಸರ್ ಓಡಿಸಿ ನೋಡಿ. ಅದೂ ಆಗದಿದ್ರೆ ಒತ್ತಡ ಇಳಿಯೋ ಲೆಕ್ಕ: ಲೈನ್ ತುಂಬಿ ಕಂಪ್ರೆಸರ್ ಆಫ್ ಮಾಡಿ, ಒಂದು ಬಾರ್ ಇಳಿಯೋಕೆ ಎಷ್ಟು ನಿಮಿಷ ಅಂತ ನೋಡಿ. ರಿಸೀವರ್ (ಗಾಳಿ ತುಂಬಿಡೋ ಟ್ಯಾಂಕ್) ಮತ್ತು ಪೈಪ್ ಸೇರಿ 2 ಘನ ಮೀಟರ್ ಇದ್ದು ಎರಡು ನಿಮಿಷದಲ್ಲಿ ಒಂದು ಬಾರ್ ಇಳಿದ್ರೆ ಸೋರಿಕೆ ನಿಮಿಷಕ್ಕೆ ಹತ್ತಿರಹತ್ತಿರ 1 ಘನ ಮೀಟರ್.

ಮೀಟರ್‌ಬೋರ್ಡ್
ಪೈಪಿನ ಗಾತ್ರ ಬಿಟ್ಟು ಬರೀ ರಿಸೀವರ್ ಲೆಕ್ಕ ಹಿಡಿದ್ರೆ ಸೋರಿಕೆ ಕಮ್ಮಿ ಬರುತ್ತೆ, ಉದ್ದ ಲೈನ್ ಇರೋ ಕಡೆ ಇನ್ನೂ ಕಮ್ಮಿ. ರಿಸೀವರ್ ತಳದ ಆಟೋ ಡ್ರೈನ್ (ಸೇರಿದ ನೀರನ್ನ ತಾನಾಗೇ ಹೊರಬಿಡೋ ವಾಲ್ವ್) ಮೊದಲು ನೋಡಿ. ಪರೀಕ್ಷೆ ಮಧ್ಯದಲ್ಲಿ ಅದು ತೆರೆದ್ರೆ ಅಳತೆ ಕೆಡುತ್ತೆ, ತೆರೆದೇ ನಿಂತಿದ್ರೆ ಸೋರಿಕೆ ಅಲ್ಲೇ ಸಿಕ್ತು.